ಚೆಲ್ಲೊ ನುಡಿಸುವವನು ಹೊರಗಿನವನೇ?

ಮಾನ್ಯರೇ,

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದಕ ಶೇಕು ಕನ್ನೆ-ಮೇಸನ್ 2018ರಲ್ಲಿ ರಾಜಕುಮಾರ ಹ್ಯಾರಿಯ ಮದುವೆಯಲ್ಲಿ ನುಡಿಸಿದಾಗ ಮೆಚ್ಚುಗೆಯೋ ಮೆಚ್ಚುಗೆ. 2024ರಲ್ಲಿ, ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿ ಹಾಡುವ ‘ರೂಲ್ ಬ್ರಿಟಾನಿಯಾ’ ಎಂಬ ದೇಶಭಕ್ತಿ ಹಾಡು ಕೆಲವರಿಗೆ ಮುಜುಗರ ತರುತ್ತದೆ, ಬದಲಿಗೆ ಬ್ರಿಟನ್ನಿನ ಜನಪದ ಸಂಗೀತ ಇರಬಹುದಲ್ಲ ಎಂದದ್ದೇ ತಡ, ಬೈಗುಳ ಶುರು. ಜನಪದ ಕೇಳಿದವನು ಹೊರಗಿನವನಾದ! ವಿಚಿತ್ರ ಅಲ್ವಾ?

ಅವರ ಅಪ್ಪನ ಬೇರು ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ, ಅಮ್ಮನದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಹಾಡನ್ನು ಕಮಾನು ಬದಿಗಿಟ್ಟು, ಬರೀ ಬೆರಳಿಂದ ತಂತಿ ಮೀಟಿ ನುಡಿಸುತ್ತಾರೆ. ಆಮೇಲೆ ಅಪ್ಪಟ ಇಂಗ್ಲಿಷ್ ಸಂಗೀತ ರಚನೆಕಾರ ಎಲ್ಗರ್‌ನ ಕೃತಿಯನ್ನೂ ಅಷ್ಟೇ ಅಕ್ಕರೆಯಿಂದ. ಇದಕ್ಕಿಂತ ಜಾಸ್ತಿ ಬ್ರಿಟಿಷ್ ಆಗುವುದು ಹೇಗೆ?

ನಾವೂ ಸೀಮೆಯಿಂದ ಬಂದ ಪಿಟೀಲನ್ನು ನೆಲದ ಮೇಲೆ ಕೂತು ನುಡಿಸಿದವರೇ. ನಮ್ಮ ಚೌಡಯ್ಯನವರಂತೂ ಅದಕ್ಕೆ ಏಳು ತಂತಿ ಕಟ್ಟಿದರು.

— ಒಬ್ಬ ಓದುಗ, ಮೈಸೂರು