ಬಿಲ್ ಆಗುವವರೆಗೆ ನಿಮ್ಮದು, ಕೆಟ್ಟ ಮೇಲೆ ನಮ್ಮದು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮೂರಿನ ಗ್ರಾಮಸಭೆಗೆ ಬಂದಿದ್ದಿರಿ. ಅರಳಿಕಟ್ಟೆ ಪಕ್ಕ ಶಾಮಿಯಾನ ಹಾಕಿದ್ದರು, ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಮನೆ ಮುಂದೆ ನಲ್ಲಿ ಹಾಕಿ ಇಷ್ಟು ದಿನ ಆಯ್ತು, ನೀರು ಮಾತ್ರ ಬರ್ತಿಲ್ಲ ಅಂತ ಒಬ್ಬ ಅಜ್ಜಿ ಎದ್ದು ಕೇಳಿದರು. ನೀವು ನಗುತ್ತಲೇ ಹೇಳಿದಿರಿ: "ಎಲ್ಲಾನೂ ಸರ್ಕಾರನೇ ಮಾಡೋಕಾಗುತ್ತಾ ಅಮ್ಮಾ? ಇದು ನಿಮ್ಮ ಊರಿನ ಯೋಜನೆ. ನೀವೂ ಸ್ವಲ್ಪ ಜವಾಬ್ದಾರಿ ತಗೋಬೇಕು." ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅವರು ಎಲ್ಲದಕ್ಕೂ ತಟ್ಟುತ್ತಾರೆ, ಬಿಡಿ.

ಅವತ್ತು ಮೈಕ್ ನನ್ನ ಕೈಗೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಮ್ಮೂರಿನ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆ. ಸದಸ್ಯೆ ಅಂತ ನನಗೆ ಗೊತ್ತಾಗಿದ್ದೇ ಪೈಪ್ ಹೂತು, ಮಣ್ಣು ಮುಚ್ಚಿ, ಕಂಟ್ರಾಕ್ಟರ್ ಗಾಡಿ ಊರು ಬಿಟ್ಟ ಮೇಲೆ. ಸಮಿತಿಯಲ್ಲಿ 10ರಿಂದ 15 ಜನ ಇರಬೇಕು, ಅದರಲ್ಲಿ ಅರ್ಧ ಹೆಂಗಸರಾಗಿರಬೇಕು ಅಂತ ನಿಯಮ ಇದೆಯಂತೆ. ಹಾಗಾಗಿ ನಮ್ಮ ಸ್ವಸಹಾಯ ಸಂಘದ ಪುಸ್ತಕದಿಂದ ಹೆಸರುಗಳನ್ನು ಎತ್ತಿ ಬರೆದುಕೊಂಡಿದ್ದಾರೆ. ಒಂದು ದಿನ ಮಧ್ಯಾಹ್ನ ಒಬ್ಬರು ರಿಜಿಸ್ಟರ್ ಹಿಡಿದು ಮನೆಗೇ ಬಂದರು. "ಅಕ್ಕಾ, ಇಲ್ಲೊಂದು ಸಹಿ" ಅಂದರು. ಏನಿದು ಅಂದೆ. ಹಸ್ತಾಂತರ ಅಂದರು. ಕೆಲಸ ಎಲ್ಲಾ ಚೆನ್ನಾಗಿ ಮುಗಿದಿದೆ, ಇನ್ನು ಮುಂದೆ ಊರಿನವರೇ ನೋಡಿಕೊಳ್ಳುತ್ತಾರೆ ಅಂತ ಅದರಲ್ಲಿ ಬರೆದಿತ್ತು. ಆ ಹೊತ್ತಿಗೆ ನಮ್ಮ ಬೀದಿಯ ನಲ್ಲಿಯಿಂದ ಗಾಳಿ ಬಿಟ್ಟರೆ ಬೇರೇನೂ ಬಂದಿರಲಿಲ್ಲ.

ನಾನು ಸಹಿ ಹಾಕಲಿಲ್ಲ.

ಈ ನಲ್ಲಿಗಳು ಬಂದಿದ್ದು ಕೇಂದ್ರದ ಜಲ ಜೀವನ್ ಮಿಷನ್ ಯೋಜನೆಯಲ್ಲಿ. ಅದು ಶುರುವಾಗಿದ್ದು 2019ರ ಆಗಸ್ಟ್ 15ಕ್ಕೆ. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಹೆಸರಿಟ್ಟರು, ಒಳ್ಳೇ ಹೆಸರು. ದಿನಕ್ಕೆ ತಲೆಗೆ 55 ಲೀಟರ್, 2024ರೊಳಗೆ ಪ್ರತಿ ಮನೆಗೆ ಅಂತ ಹೇಳಿದ್ದರು. ಆ ಗಡುವು ಈಗ 2028ಕ್ಕೆ ಹೋಗಿದೆ. ತಡ ಆಗಿದ್ದಕ್ಕೆ ನನ್ನ ತಕರಾರಿಲ್ಲ, ಅಷ್ಟು ದೊಡ್ಡ ಕೆಲಸ. ಯೋಜನೆಯ ಪುಸ್ತಕದಲ್ಲಿ ಊರಿನ ಪಾಲಿಗೆ ಏನು ಬರೆದಿದ್ದಾರೆ ಅಂತ ನೀವು ಓದಿದ್ದೀರಾ? ನೀರಿನ ಮೂಲ ಯಾವುದು, ಟ್ಯಾಂಕ್ ಎಲ್ಲಿ ಬರಬೇಕು, ಪೈಪ್ ಯಾವ ಬೀದಿಗೆ ಹೇಗೆ ಹೋಗಬೇಕು, ಇದನ್ನೆಲ್ಲ ಊರಿನವರು ಕೂತು ಯೋಜನೆ ಮಾಡಬೇಕು, ಕೆಲಸ ನಡೆಯುವಾಗ ಮೇಲೆ ನಿಂತು ನೋಡಬೇಕು, ಆಮೇಲೆ ನಡೆಸಬೇಕು ಅಂತಿದೆ. ಊರೊಳಗಿನ ಕಾಮಗಾರಿ ಖರ್ಚಿನಲ್ಲಿ 10 ಪರ್ಸೆಂಟ್ ಊರಿನ ವಂತಿಗೆ. ಗುಡ್ಡಗಾಡು, ಕಾಡಿನ ಊರುಗಳಿಗೆ, ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರುವ ಊರುಗಳಿಗೆ 5 ಪರ್ಸೆಂಟ್. ದುಡ್ಡಲ್ಲೇ ಕೊಡಬೇಕಂತಿಲ್ಲ, ಮೈಮುರಿದು ದುಡಿದೂ ಕೊಡಬಹುದು.

ಇದರಲ್ಲಿ ನಮ್ಮೂರಿಗೆ ಬಂದಿದ್ದು ಕೊನೇ ತುಂಡು ಮಾತ್ರ. ಮೊದಲಿನದೆಲ್ಲಾ ಬೇರೆಯವರೇ ಮಾಡಿಬಿಟ್ಟಿದ್ದರು.

ಪೈಪ್ ಹಾಕುವಾಗ ನಾವು ಸುಮ್ನೆ ಇರಲಿಲ್ಲ. ಮೊಳ ಆಳವೂ ಇಲ್ಲವಲ್ಲ, ಟ್ರ್ಯಾಕ್ಟರ್ ಹೋದರೆ ಒಡೆದುಹೋಗುತ್ತೆ ಅಂತ ನಮ್ಮ ಬೀದಿಯ ಹುಡುಗರು ಜಗಳ ಮಾಡಿದರು. ಎಸ್ಟಿಮೇಟ್ ತೋರಿಸಿ ಅಂದರೆ ಅದು ಆಫೀಸಲ್ಲಿದೆ ಅಂದರು. ಆಫೀಸಿಗೆ ಹೋದರೆ ಇಂಜಿನಿಯರ್ ಸೈಟ್‌ಗೆ ಹೋಗಿದ್ದಾರೆ ಅಂದರು. ಸೈಟ್ ನಮ್ಮೂರು, ನಾವು ಅಲ್ಲಿಂದಲೇ ಬಂದಿದ್ದೇವೆ, ಅಲ್ಲಿ ಯಾರೂ ಇಲ್ಲ ಸ್ವಾಮಿ ಅಂದ್ವಿ. ಅವತ್ತು ಆಫೀಸಿನಲ್ಲಿದ್ದವರೂ ನಕ್ಕರು, ನಾವೂ ನಕ್ಕು ವಾಪಸ್ ಬಂದೆವು. ಚೆನ್ನಾಗಿದ್ದ ಸಿಮೆಂಟ್ ರಸ್ತೆಯನ್ನು ಅಗೆದು ಹಾಗೇ ಬಿಟ್ಟು ಹೋದರು. ಮಳೆಗಾಲದಲ್ಲಿ ಆ ಕೆಸರಿನಲ್ಲಿ ಎಷ್ಟು ಜನ ಬಿದ್ದರೋ ಲೆಕ್ಕ ಇಟ್ಟವರಿಲ್ಲ. ಇಷ್ಟೆಲ್ಲಾ ಆಗಿ ಆ ಹೊಸ ಪೈಪಿಗೆ ನೀರು ಬರಬೇಕಿರೋದು ಹದಿನೈದು ವರ್ಷದ ಹಳೇ ಬೋರ್‌ವೆಲ್‌ನಿಂದಲೇ! ಬೇಸಿಗೆಯಲ್ಲಿ ಅದು ಒಂದು ಗಂಟೆ ಓಡಿದರೆ ಜಾಸ್ತಿ.

ಈಗ ಹೇಳಿ ಸರ್. ಆಳ ಎಷ್ಟಿರಬೇಕು ಅಂತ ನಿರ್ಧಾರ ಮಾಡಿದ್ದು ನಾವಲ್ಲ, ಕಂಟ್ರಾಕ್ಟರನ್ನು ಆರಿಸಿದ್ದು ನಾವಲ್ಲ, ಎಷ್ಟು ಕೆಲಸ ಆಗಿದೆ ಅಂತ ಅಳತೆ ಪುಸ್ತಕದಲ್ಲಿ ಬರೆದಿದ್ದು, ಬಿಲ್ ಪಾಸ್ ಮಾಡಿದ್ದು ಯಾವುದೂ ನಾವಲ್ಲ. ಪೈಪ್ ಒಡೆದ ದಿನದಿಂದ ಮಾತ್ರ ಅದು "ನಿಮ್ಮ ಊರಿನ ಯೋಜನೆ". ಬಿಲ್ ಆಗೋ ತನಕ ಸರ್ಕಾರದ್ದು, ಕೆಟ್ಟ ಮೇಲೆ ಊರಿನದು. ಇದನ್ನು ಹಸ್ತಾಂತರ ಅಂತಾರಾ, ತಲೆಗೆ ಕಟ್ಟೋದು ಅಂತಾರಾ?

ಇನ್ನೊಂದು ಕಥೆ ಇದೆ, ಇದು ನನ್ನದೇ. ನೀರು ಪರೀಕ್ಷೆ ಮಾಡೋಕೆ ಪ್ರತಿ ಊರಿನಲ್ಲೂ ಐದು ಹೆಂಗಸರಿಗೆ ತರಬೇತಿ ಕೊಡಬೇಕು ಅಂತಿದೆ. ಆ ಐವರಲ್ಲಿ ನಾನೂ ಒಬ್ಬಳು. ಒಂದು ದಿನದ ತರಬೇತಿ, ಊಟ, ಒಂದು ಪೆಟ್ಟಿಗೆ ಕಿಟ್. ನಿಜ ಹೇಳ್ತೀನಿ, ಖುಷಿಯಾಗಿತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಟೆಸ್ಟ್ ಟ್ಯೂಬ್ ಮುಟ್ಟಿರಲಿಲ್ಲ. ಊರಿಗೆ ಬಂದವಳೇ ನಮ್ಮ ಬೋರ್‌ವೆಲ್ ನೀರಿಗೆ ಔಷಧಿ ಹಾಕಿ ಬಣ್ಣದ ಚಾರ್ಟ್ ಪಕ್ಕ ಹಿಡಿದು ನೋಡಿದೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನಮ್ಮದು ದಾಟಿತ್ತು. ಬಯಲುಸೀಮೆಯಲ್ಲಿ ಇದೇನೂ ಹೊಸ ಸುದ್ದಿಯಲ್ಲ. ನಮ್ಮೂರಲ್ಲಿ ಎಷ್ಟು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇದೆ, ನಲವತ್ತು ದಾಟಿದವರು ಎಷ್ಟು ಜನ ಮಂಡಿ ಹಿಡಿದುಕೊಂಡು ಏಳ್ತಾರೆ ಅಂತ ನೋಡಿದವರಿಗೆ ಚಾರ್ಟ್ ಬೇಕಿಲ್ಲ. ಆದರೂ ಬರೆದು ಕೊಟ್ಟೆ. ರಿಪೋರ್ಟ್ ಮೇಲಕ್ಕೆ ಹೋಯಿತು. ಮೇಲೆ ಹೋದದ್ದು ಇನ್ನೂ ಕೆಳಗೆ ಬಂದಿಲ್ಲ.

ಎರಡು ತಿಂಗಳು ಬಿಟ್ಟು ಮತ್ತೆ ಕೇಳಿದೆ. "ನೀವು ಊರಿನವರಿಗೆ ತಿಳುವಳಿಕೆ ಹೇಳಿ ಅಕ್ಕಾ, ಆ ನೀರು ಕುಡಿಯಬೇಡಿ ಅಂತ" ಅಂದರು. ಮತ್ತೇನು ಕುಡಿಯೋದು? ಶುದ್ಧ ನೀರಿನ ಘಟಕ ಕೆಟ್ಟು ಕೂತಿದೆ. ಐದು ರೂಪಾಯಿ ಕಾಯಿನ್ ಹಾಕಿದರೆ ನುಂಗುತ್ತೆ, ನೀರು ಕೊಡಲ್ಲ. ಅದೂ ಈಗ ಪಂಚಾಯಿತಿಯ ಹೊಣೆಯಂತೆ. ಈಗ ಕಿಟ್‌ನ ಬಾಟಲಿಗಳ ಅವಧಿಯೂ ಮುಗಿದಿದೆ, ಹೊಸದು ಬಂದಿಲ್ಲ. ನೀರಿನಲ್ಲಿ ವಿಷ ಇದೆ ಅಂತ ಕಂಡುಹಿಡಿಯೋ ಕೆಲಸ ನನಗೆ ಕೊಟ್ಟಿರಿ, ಅದನ್ನು ಸರಿಮಾಡಿಸೋ ಅಧಿಕಾರ ಯಾರಿಗೂ ಕೊಡಲಿಲ್ಲ. ಈಗ ಬಿಂದಿಗೆ ಹಿಡಿದು ಹೋಗೋ ಹೆಂಗಸರು ನನ್ನನ್ನು ಕಂಡರೆ ಮುಖ ತಿರುಗಿಸ್ತಾರೆ. ಕೆಟ್ಟ ಸುದ್ದಿ ಹೇಳಿ ಸುಮ್ಮನಾದವಳು ಅಂತ.

ಊರಿನ ತಪ್ಪೂ ಇದೆ, ಮುಚ್ಚಿಡಲ್ಲ. ನಲ್ಲಿಗೆ ಮೋಟ್ರು ಹಾಕಿ ಎಳೆಯೋರು ಇದ್ದಾರೆ, ಅದರಲ್ಲಿ ಇಬ್ಬರು ನಿಮ್ಮ ಪಕ್ಷದವರು, ಒಬ್ಬರು ಎದುರು ಪಕ್ಷದವರು. ನೀರಿನ ಕಂದಾಯ ಕಟ್ಟದವರೇ ಜಾಸ್ತಿ. ನಮ್ಮ ನೀರುಗಂಟಿ ಬೆಳಗಿನ ಜಾವ ಐದಕ್ಕೆ ಎದ್ದು ವಾಲ್ವ್ ತಿರುಗಿಸ್ತಾನೆ. ಅವನ ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ಹಬ್ಬ. ಆದರೂ ಒಂದು ಬೀದಿಗೆ ಹತ್ತು ನಿಮಿಷ ತಡವಾದರೆ ಬೈಗುಳ ತಿನ್ನೋದು ಅವನೇ. ಕಂದಾಯ ಕಟ್ಟಿ ಅಂತ ನಾವು ಮನೆಮನೆಗೆ ಹೋದಾಗ ಎಲ್ಲರೂ ಕೇಳಿದ್ದು ಒಂದೇ ಮಾತು: ಯಾವ ನೀರಿಗೆ ಕಟ್ಟಬೇಕು? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಂಚಾಯಿತಿಗೆ ದುಡ್ಡು ಬರುತ್ತಲ್ಲ ಅಂತೀರಿ. ಬರುತ್ತೆ. 15ನೇ ಹಣಕಾಸು ಆಯೋಗದಿಂದ 2021ರಿಂದ 2026ರವರೆಗೆ ಅಂತ ಕೊಟ್ಟಿದ್ದರಲ್ಲಿ 100ಕ್ಕೆ 60 ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಗಂಟು ಹಾಕಿದ್ದು. ಅದರಲ್ಲಿ ಮೋಟ್ರು ಸುಟ್ಟರೆ ವೈಂಡಿಂಗ್, ಪೈಪ್, ಬ್ಲೀಚಿಂಗ್ ಪೌಡರ್, ಚರಂಡಿ. ಬೋರ್‌ವೆಲ್‌ಗಳ ಕರೆಂಟ್ ಬಿಲ್ ಅಂತೂ ಇದ್ದೇ ಇದೆ. ನಮ್ಮ ಅಧ್ಯಕ್ಷರು ಒಮ್ಮೆ ಬೇಸರದಲ್ಲಿ ಅಂದಿದ್ದರು, ನಾನು ಪಂಚಾಯಿತಿ ಅಧ್ಯಕ್ಷೆಯಲ್ಲ, ಕರೆಂಟ್ ಬಿಲ್ ಕಟ್ಟೋ ಗುಮಾಸ್ತೆ ಅಂತ.

ಜನ ಮೊದಲು ತಾವೇ ಎಲ್ಲಾ ಮಾಡಿಕೊಳ್ತಿದ್ದರು, ಈಗ ಎಲ್ಲಾದಕ್ಕೂ ಸರ್ಕಾರದ ಕಡೆ ನೋಡ್ತಾರೆ ಅಂತಲೂ ನೀವು ಅಂದಿರಿ. ಉದಾಹರಣೆಗೆ ನಮ್ಮೂರ ಕೆರೆಯನ್ನೇ ತೋರಿಸಿದಿರಿ. ಸರಿ, ಕೆರೆ ವಿಷಯಕ್ಕೇ ಬರೋಣ. ಹಳೇ ಶಾಸನಗಳಲ್ಲಿ ಬಿತ್ತುವಟ್ಟ ಅಂತ ಒಂದು ಮಾತು ಬರುತ್ತೆ, ಕಟ್ಟುಕೊಡಗಿ ಅಂತ ಇನ್ನೊಂದು. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಏರಿ ಭದ್ರ ಮಾಡು, ತೂಬು ನೋಡಿಕೋ, ಹೂಳು ತೆಗೆಸು ಅಂದವರು ಅದಕ್ಕೆ ಬೇಕಾದ ಗದ್ದೆಯನ್ನೂ ಬರೆದುಕೊಟ್ಟಿದ್ದರು. ಅಂದರೆ ಆ ಕಾಲದ ಅರಸರೂ ಗೌಡರೂ ಬರೀ ಭಾಷಣ ಮಾಡಿ ಹೋಗಿರಲಿಲ್ಲ. ಆಮೇಲೆ ಕೆರೆಗಳು ಇಲಾಖೆಗಳ ಕೈಗೆ ಹೋದವು. ಈಗ ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯೋ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತ್‌ರಾಜ್ ಸಂಸ್ಥೆಗಳಿಗೆ, ಅದರ ಮೇಲೆ ಸಣ್ಣ ನೀರಾವರಿ ಇಲಾಖೆಗೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಾವೇ ಹೂಳೆತ್ತುತ್ತೇವೆ, ಟ್ರ್ಯಾಕ್ಟರ್ ನಮ್ಮದು, ಡೀಸೆಲ್ ನಮ್ಮದು, ಹೂಳು ನಮ್ಮ ಹೊಲಕ್ಕೆ ಅಂತ ಅರ್ಜಿ ಬರೆದುಕೊಂಡು ಹೋದೆವು. ಇದು ನಮ್ಮದಲ್ಲ, ಆ ಆಫೀಸಿಗೆ ಹೋಗಿ ಅಂದರು. ಆ ಆಫೀಸಿನವರು ಇನ್ನೊಂದು ಆಫೀಸು ತೋರಿಸಿದರು. ಅಷ್ಟರಲ್ಲಿ ಮಳೆ ಬಂತು. ಜವಾಬ್ದಾರಿ ಕೊಡಿ ಅಂತ ನಾವೇ ಬಾಗಿಲು ತಟ್ಟಿದ ದಿನ ತೆಗೆಯೋರು ಯಾರೂ ಇರಲಿಲ್ಲ.

ನೀರ್ ಸಾಬ್ ನೆನಪಿದ್ದಾರಾ? ಅಬ್ದುಲ್ ನಜೀರ್ ಸಾಬ್. 1983ರ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ನೋಡಿಕೊಳ್ಳುತ್ತಿದ್ದರು. ಊರೂರಿಗೆ ಬೋರ್‌ವೆಲ್ ಕೊರೆಸಿ ಆ ಹೆಸರು ಗಳಿಸಿದವರು. ಅಧಿಕಾರವನ್ನು ಊರಿನ ಕಡೆ ಇಳಿಸಬೇಕು ಅಂತ ಹಟ ಹಿಡಿದವರೂ ಅವರೇ. 1987ರಲ್ಲಿ ಚುನಾವಣೆ ಆಗಿ ಜಿಲ್ಲಾ ಪರಿಷತ್ತುಗಳು ಬಂದಾಗ ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಅಧಿಕಾರಿಗಳು ಆ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಬೇಕಿತ್ತು. ನಮ್ಮ ತಂದೆ ಈಗಲೂ ಆ ಕಾಲದ ಮಂಡಲ ಪಂಚಾಯಿತಿ ಬಗ್ಗೆ ಮಾತಾಡ್ತಾರೆ, ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಅನ್ನಿ. ಅಲ್ಲಿಂದ ಹತ್ತು ವರ್ಷ ಆಗೋ ಮುಂಚೆ, 1996ರಲ್ಲಿ, ಪಕ್ಕದ ಕೇರಳದವರು ರಾಜ್ಯದ ಯೋಜನಾ ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸ್ಥಳೀಯ ಸಂಸ್ಥೆಗಳಿಗೆ ಕೊಡ್ತೀವಿ ಅಂದರು. ಕೊಟ್ಟು ಆಮೇಲೆ ಜನರನ್ನು ಕೂರಿಸಿ ಏನು ಮಾಡೋಣ ಅಂತ ಕೇಳಿದರು.

ನಮ್ಮಲ್ಲಿ? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ 2016ರಲ್ಲಿ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಒಮ್ಮೆ ಕ್ಷೇತ್ರ ವಿಂಗಡಣೆ, ಒಮ್ಮೆ ಮೀಸಲಾತಿ, ಒಮ್ಮೆ ಕೋರ್ಟು. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂತು, ಇದೊಂದು ಮಾತ್ರ ಬದಲಾಗಲಿಲ್ಲ. ಸ್ಥಳೀಯರು ಜವಾಬ್ದಾರಿ ಹೊರಬೇಕು ಅಂತ ಮೈಕಿನಲ್ಲಿ ಹೇಳೋರು ಸ್ಥಳೀಯರು ಆರಿಸಿದ ಸಭೆಗಳಿಗೆ ಬೀಗ ಹಾಕಿ ಅಧಿಕಾರಿಗಳ ಕೈಗೆ ಕೊಟ್ಟು ಕೂತಿದ್ದರು. ಜಿಲ್ಲಾ ಪಂಚಾಯಿತಿ ಸದಸ್ಯ ಇದ್ದಿದ್ದರೆ ನಾನು ಈ ಪತ್ರ ಅವರಿಗೆ ಬರೀತಿದ್ದೆ, ನಿಮಗೂ ಈ ಕಿರಿಕಿರಿ ತಪ್ಪುತ್ತಿತ್ತು, ಅಲ್ವಾ?

ಬರೀ ನೀರಿನಲ್ಲಿ ಹೀಗಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು, ಅಂದರೆ ಶಾಲೆ ನೋಡಿಕೊಳ್ಳೋ ಪೋಷಕರ ಸಮಿತಿಗಳು, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಸುತ್ತೋಲೆ ಬಂದಿತ್ತು. ಗಲಾಟೆಯಾಗಿ ವಾಪಸ್ ಹೋಯಿತು. ಕೂಲಿ ಮಾಡಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸೋರ ಹತ್ತಿರವೇ ‘ಸ್ವಇಚ್ಛೆಯಿಂದ’ ಕೇಳುವ ಯೋಚನೆ ಹೊಳೆದಿದ್ದು ಯಾರಿಗೋ!

ನಾನು ಕೇಳೋದು ಜಾಸ್ತಿಯೇನಿಲ್ಲ. ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ ನಕಲನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ, ಎಷ್ಟು ಆಳ ಅಂತ ಬರೆದಿದ್ದಾರೋ ನಾವೇ ಗುದ್ದಲಿ ತಂದು ನಾಲ್ಕು ಕಡೆ ಅಗೆದು ನೋಡ್ತೀವಿ. ಕಡಿಮೆ ಇದ್ದರೆ ಹಾಕಿದವರೇ ಸರಿ ಮಾಡಬೇಕು, ಸರಿ ಮಾಡೋ ತನಕ ಉಳಿದ ಬಿಲ್ ಕೊಡಬಾರದು, ರಸ್ತೆಯನ್ನೂ ಮುಚ್ಚಿಸಬೇಕು. ಹದಿನೈದು ದಿನ ಎಲ್ಲಾ ಬೀದಿಗೂ ನೀರು ಬಿಟ್ಟು ತೋರಿಸಲಿ. ಫ್ಲೋರೈಡ್‌ಗೆ ಏನು ಮಾಡ್ತೀರಿ, ಯಾವಾಗ ಮಾಡ್ತೀರಿ ಅಂತ ಬರವಣಿಗೆಯಲ್ಲಿ ಕೊಡಿ. ಇಷ್ಟಾದರೆ ಮಾರನೇ ದಿನ ನಾನೇ ಮೊದಲು ಸಹಿ ಹಾಕ್ತೀನಿ. ಕಂದಾಯದ ಪುಸ್ತಕ ಹಿಡಿದು ಮನೆಮನೆಗೆ ಹೋಗ್ತೀನಿ, ಮೋಟ್ರು ಹಾಕಿ ಎಳೆಯೋ ಆ ಮೂವರ ಮನೆಗೂ ಹೋಗ್ತೀನಿ, ಅವರಲ್ಲಿ ಒಬ್ಬರು ನನ್ನ ಸ್ವಂತ ಭಾವ ಆದರೂ ಸರಿ.

ರಿಜಿಸ್ಟರ್ ಸದ್ಯ ಪಂಚಾಯಿತಿ ಬೀರುವಿನಲ್ಲಿದೆ. ಅದರಲ್ಲಿ ಆರು ಜನರ ಸಹಿ ಇನ್ನೂ ಖಾಲಿ ಇದೆ, ನನ್ನದೂ ಸೇರಿ. ನೀವು ಬರೋದಾದರೆ ಶಾಮಿಯಾನ ಬೇಡ, ಹಾರ ಬೇಡ. ಬೆಳಿಗ್ಗೆ ಐದಕ್ಕೆ ಬನ್ನಿ, ನೀರುಗಂಟಿ ವಾಲ್ವ್ ತಿರುಗಿಸೋ ಹೊತ್ತಿಗೆ. ಮೇಲಿನ ಬೀದಿಯ ಕೊನೇ ನಲ್ಲಿ ಹತ್ತಿರ ನಿಲ್ಲೋಣ. ಸಭೆಯಲ್ಲಿ ಕೇಳಿದ ಅಜ್ಜಿಯ ಮನೆಯೂ ಅಲ್ಲೇ, ಅವರೂ ಬಿಂದಿಗೆ ಇಟ್ಟುಕೊಂಡು ಕಾಯ್ತಿರ್ತಾರೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು,
ನೀರು ಸಮಿತಿಯ ಸಹಿ ಹಾಕದ ಸದಸ್ಯೆ