ರೇಷ್ಮೆ ಮದುವೆಯುಡುಪಿನ ಒಳಬದಿಯನ್ನೂ ತೋರಿಸಿ

ಮಾನ್ಯ ಸಂಪಾದಕರಿಗೆ,

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಕಾಲದ ರೇಷ್ಮೆ ಮದುವೆಯುಡುಪುಗಳನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸಚಿತ್ರ ಲೇಖನವನ್ನು ಓದಿದೆ. ಚಿತ್ರಗಳು ಸೊಗಸಾಗಿದ್ದವು. ಆದರೆ ಅಂಥ ಉಡುಪು ಒಂದು ದಿನದ ಮೆರೆತಕ್ಕಾಗಿ ಬಟ್ಟೆಯನ್ನು ಮನಬಂದಂತೆ ಸುರಿದ ಆಡಂಬರವಷ್ಟೇ ಎಂಬ ಲೇಖನದ ಅಭಿಪ್ರಾಯವನ್ನು, ಹಾಸನದಲ್ಲಿ ಬಹುಕಾಲ ಹೊಲಿಗೆ ಕಲಿಸಿದ ನಾನು ಒಪ್ಪಲಾರೆ. ಹೊರಗಿನ ಲೇಸನ್ನು ಬಿಟ್ಟು ಒಳಗಿನ ಹೊಲಿಗೆಯನ್ನು ನೋಡಿದವರಿಗೆ ಅಲ್ಲಿ ಕಾಣುವುದು ದುಂದುವೆಚ್ಚವಲ್ಲ, ಬಿಚ್ಚಿ ಮತ್ತೆ ಹೊಲಿಯುವ ದಿನ ಬರುತ್ತದೆಂದು ತಿಳಿದೇ ಮಾಡಿದ ಕೆಲಸ.

ವಿಕ್ಟೋರಿಯಾ 1840ರ ಫೆಬ್ರುವರಿ 10ರಂದು ಆಲ್ಬರ್ಟರನ್ನು ಮದುವೆಯಾದಾಗ ತೊಟ್ಟದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಮಗ್ಗಗಳಲ್ಲಿ ನೇಯ್ದ ಸ್ಯಾಟಿನ್ ರೇಷ್ಮೆ. ಮೇಲಿನ ಹಾನಿಟನ್ ಲೇಸು ಡೆವನ್ ಸೀಮೆಯ ಹೆಂಗಸರ ಕೈಕೆಲಸ. ಬಿಳಿಯನ್ನು ತೊಟ್ಟ ಮೊದಲ ವಧು ವಿಕ್ಟೋರಿಯಾ ಎಂದು ಲೇಖನ ಹೇಳುತ್ತದೆ. ಆದರೆ ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲೇ ಬಿಳಿಯುಡುಪಿನಲ್ಲಿ ಮದುವೆಯಾಗಿದ್ದರು. ವಿಕ್ಟೋರಿಯಾ ತಮ್ಮ ಮದುವೆಯ ಲೇಸನ್ನು ಮುಂದಿನ ದಶಕಗಳಲ್ಲಿ ಬೇರೆ ಉಡುಪುಗಳ ಮೇಲೆ ಹಲವು ಸಮಾರಂಭಗಳಿಗೆ ಧರಿಸಿದರು. ರಾಣಿಯೇ ಹೀಗಿರುವಾಗ ಸಾಧಾರಣ ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳು ಕಂದು, ಬೂದು, ನೀಲಿ ರೇಷ್ಮೆಯಲ್ಲಿ ಮದುವೆಯುಡುಪು ಹೊಲಿಸಿಕೊಂಡು, ಆಮೇಲೆ ವರ್ಷಗಟ್ಟಲೆ ಅದನ್ನೇ ಒಳ್ಳೆಯ ದಿನಗಳಿಗೆ ತೊಡುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಹೊಲಿಗೆಯ ವಿಷಯ. ಆಗಿನ ರೇಷ್ಮೆಯ ಪನ್ನ, ಎಂದರೆ ಮಗ್ಗದಿಂದ ಬಂದ ಬಟ್ಟೆಯ ಅಗಲ, ಸುಮಾರು ಇಪ್ಪತ್ತು ಅಂಗುಲ ಮಾತ್ರ. 1840-50ರ ದಶಕಗಳ ಲಂಗಕ್ಕೆ ಇಂಥ ಹಲವು ಪನ್ನಗಳನ್ನು ಅಂಚಿಗೆ ಅಂಚು ಸೇರಿಸಿ ನೇರವಾಗಿ ಹೊಲಿಯುತ್ತಿದ್ದರೇ ಹೊರತು ಓರೆಯಾಗಿ ಕತ್ತರಿಸುತ್ತಿರಲಿಲ್ಲ. ಆ ಅಗಲವನ್ನೆಲ್ಲ ಸೊಂಟಕ್ಕೆ ಇಳಿಸಲು ಮೇಲಂಚನ್ನು ಒಳಕ್ಕೆ ಮಡಿಸಿ, ಒಂದರ ಕೆಳಗೊಂದರಂತೆ ಸಮನಾದ ಟಾಕಿನ ಸಾಲುಗಳನ್ನು ಹಾಕಿ, ದಾರ ಎಳೆದು ಸಣ್ಣ ಸಣ್ಣ ನೆರಿಗೆಗಳನ್ನು ನಿಲ್ಲಿಸಿ, ಪ್ರತಿ ನೆರಿಗೆಯ ತುದಿಯನ್ನೂ ಬೇರೆಬೇರೆಯಾಗಿ ಸೊಂಟಕ್ಕೆ ಹೊಲಿದು ಕೂರಿಸುತ್ತಿದ್ದರು. ಉದ್ದ ಹೆಚ್ಚಾದರೆ ಮಡಿಸುತ್ತಿದ್ದುದೂ ಈ ಮೇಲಂಚಿನಲ್ಲೇ. ಹೀಗಾಗಿ ದಾರ ಬಿಚ್ಚಿದರೆ ಲಂಗ ಮತ್ತೆ ಅಖಂಡ ರೇಷ್ಮೆಯ ಪಟ್ಟಿಗಳಾಗುತ್ತಿತ್ತು; ಅದಕ್ಕೆ ಬೇರೆ ಬಣ್ಣ ಕಟ್ಟಿಸಬಹುದಿತ್ತು, ಮಗಳ ಅಳತೆಗೆ ಹೊಲಿಸಬಹುದಿತ್ತು. 1870ರ ದಶಕದಲ್ಲಿ ಹಿಂಬದಿ ಉಬ್ಬಿದ ಲಂಗದ ಚಾಲ್ತಿ ಬಂದಾಗ ಹಳೆಯ ಅಗಲ ಲಂಗಗಳನ್ನು ಬಿಚ್ಚಿ ಹೊಸ ರೀತಿಗೆ ತಿರುಗಿಸಿಕೊಂಡವರು ಅನೇಕರು.

ಲಂಗದ ಮೇಲೆ ಮೈಗೊಪ್ಪುವಂತೆ ತೊಡುವ ಮೇಲಂಗಿಯ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ರೇಷ್ಮೆಯ ಪ್ರತಿ ತುಂಡನ್ನೂ ಅದೇ ಆಕಾರದ ಹತ್ತಿಯ ಅಸ್ತರಿನ ಮೇಲಿಟ್ಟು, ಕಚ್ಚಾ ಟಾಕು ಹಾಕಿ, ಎರಡನ್ನೂ ಒಂದೇ ಬಟ್ಟೆಯೆಂದು ಭಾವಿಸಿ ಹೊಲಿಯುತ್ತಿದ್ದರು. ಮೈಯ ಎಳೆತವನ್ನೆಲ್ಲ ಹತ್ತಿ ತಡೆದುಕೊಂಡು ರೇಷ್ಮೆಯನ್ನು ಕಾಪಾಡುತ್ತಿತ್ತು. ಭುಜದ ಹೊಲಿಗೆ ಭುಜದ ನೆತ್ತಿಯ ಮೇಲಿರದೆ ಬೆನ್ನಿನ ಕಡೆಗೆ ಜಾರಿರುತ್ತಿತ್ತು. ಕಂಕುಳಿನ ಸುತ್ತ, ಕೊರಳಿಗೆ, ಸೊಂಟದ ಅಂಚಿಗೆ ಅದೇ ರೇಷ್ಮೆಯ ಓರೆಪಟ್ಟಿಯೊಳಗೆ ಹತ್ತಿಯ ಹುರಿಯಿಟ್ಟು ತೆಳುವಾದ ಪೈಪಿಂಗ್ ಕೊಡುತ್ತಿದ್ದರು. ಅದು ಬರಿಯ ಅಲಂಕಾರವಲ್ಲ, ಹೆಚ್ಚು ಎಳೆತ ಬೀಳುವ ಹೊಲಿಗೆಗೆ ಬಲ. ಡಾರ್ಟುಗಳ (ಮೈಗೆ ಹೊಂದಲು ಹಿಡಿದು ಹೊಲಿಯುವ ಮಡಿಕೆಗಳ) ಮತ್ತು ಪಕ್ಕದ ಹೊಲಿಗೆಗಳ ಒಳಗೆ ಪಟ್ಟಿಕೊಳವೆ ಮಾಡಿ ತೂರಿಸುತ್ತಿದ್ದ ಕಡ್ಡಿಗಳನ್ನು ನಿಮ್ಮ ಲೇಖನ ತಿಮಿಂಗಿಲದ ಎಲುಬು ಎಂದಿದೆ. ಅವು ಎಲುಬಲ್ಲ, ಕೆಲವು ಜಾತಿಯ ತಿಮಿಂಗಿಲಗಳ ಬಾಯಲ್ಲಿ ಆಹಾರ ಸೋಸಲು ಇರುವ ಬಾಗುವ ಪಟ್ಟೆಗಳು, ಉಗುರು-ಕೊಂಬುಗಳಂತೆ ಕೆರಾಟಿನ್‌ನಿಂದ ಆದವು.

ಆ ಕಾಲದ ಇಂಗ್ಲೆಂಡಿನ ಕಾನೂನಿನ ಪ್ರಕಾರ, 1886ರಲ್ಲಿ ಅವಧಿ ವಿಸ್ತರಣೆಯಾಗುವವರೆಗೆ, ಮದುವೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರೊಳಗೆ ನಡೆಯಬೇಕಿತ್ತು. ಹಗಲಿಗೆ ಮುಚ್ಚಿದ ಕೊರಳು, ಉದ್ದ ತೋಳು ಶಿಷ್ಟಾಚಾರ. ಹಾಗಾಗಿ ಒಂದೇ ಲಂಗಕ್ಕೆ ಎರಡು ಮೇಲಂಗಿ ಹೊಲಿಸಿ, ಎರಡನೆಯದನ್ನು ಸಂಜೆಯ ಕೂಟಗಳಿಗೆ ಇಟ್ಟುಕೊಳ್ಳುವ ಪದ್ಧತಿಯಿತ್ತು. ನೆಲಕ್ಕೆ ತಾಗುವ ಅಂಚಿಗೆ, ನಾವು ಸೀರೆಗೆ ಫಾಲ್ ಹಚ್ಚುವಂತೆ, ಒಳಗೊಂದು ಹತ್ತಿಯ ಪಟ್ಟಿಯನ್ನೂ ತುದಿಗೆ ಉಣ್ಣೆಯ ದಾರಪಟ್ಟಿಯನ್ನೂ ಹೊಲಿದು, ಸವೆದಾಗ ಅದನ್ನಷ್ಟೇ ಬದಲಿಸುತ್ತಿದ್ದರು. ಇಷ್ಟೆಲ್ಲ ಮುಂದಾಲೋಚನೆಯಿರುವ ಉಡುಪನ್ನು ದುಂದು ಎನ್ನುವುದು ಹೇಗೆ?

ಇದೆಲ್ಲ ಬಿಡುವಿನಲ್ಲಿ ಕೂತು ಹೊಲಿದದ್ದೆಂಬ ಲೇಖಕರ ಕಲ್ಪನೆಯೂ ಸರಿಯಲ್ಲ. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಹೊಲಿಗೆಯಂತ್ರ ಬಳಕೆಗೆ ಬಂದ ಮೇಲೂ ಅದು ಉಳಿಸಿದ್ದು ಉದ್ದ ಹೊಲಿಗೆಗಳ ಶ್ರಮವನ್ನು ಮಾತ್ರ. 1863ರಲ್ಲಿ ಲಂಡನ್ನಿನ ಪ್ರತಿಷ್ಠಿತ ಹೊಲಿಗೆಮನೆಯೊಂದರಲ್ಲಿ, ಹೊಸ ಯುವರಾಣಿಯ ಗೌರವಕ್ಕೆ ನಡೆಯಲಿದ್ದ ನೃತ್ಯಕೂಟದ ಉಡುಪುಗಳಿಗಾಗಿ ಇಪ್ಪತ್ತಾರೂವರೆ ಗಂಟೆ ಬಿಡುವಿಲ್ಲದೆ ದುಡಿದ ಇಪ್ಪತ್ತು ವರ್ಷದ ಮೇರಿ ಆನ್ ವಾಕ್ಲಿ ಸತ್ತ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ರಾಣಿಯರ ಹೆಸರುಗಳಿಂದ ತುಂಬಿದ ಲೇಖನದಲ್ಲಿ ಹೊಲಿದವರ ಬಗ್ಗೆ ಒಂದು ಸಾಲಾದರೂ ಇರಬೇಕಿತ್ತು.

ಉಡುಪುಗಳು ಉಳಿಯುವ ವಿಷಯದಲ್ಲೂ ಒಂದು ಮಾತು. ಹೊಸದು ಗಟ್ಟಿ, ಹಳೆಯದು ಜೀರ್ಣ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಎಳೆಯ ಮೇಲಿನ ಸಹಜ ಅಂಟನ್ನು ತೆಗೆದಾಗ ಕಚ್ಚಾ ರೇಷ್ಮೆಯ ತೂಕ ಸುಮಾರು ಕಾಲು ಭಾಗ ಇಳಿಯುತ್ತದೆ. ಆ ನಷ್ಟ ತುಂಬಿಸಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತವರದ ಲವಣಗಳನ್ನು ಹೀರಿಸುವುದು ರೂಢಿಯಾಯಿತು. ಅಂಥ ರೇಷ್ಮೆ ಮೊದಲು ಭಾರವಾಗಿ, ಸರಬರ ಸದ್ದು ಮಾಡುತ್ತ ಚೆನ್ನಾಗಿಯೇ ಕಾಣುತ್ತದೆ. ಕಾಲ ಕಳೆದಂತೆ ಎಳೆಗಳು ತಾವಾಗಿಯೇ ತುಂಡಾಗಿ ಬಟ್ಟೆ ಸೀಳುತ್ತದೆ. 1840ರ ಉಡುಪು ಗಟ್ಟಿಯಾಗಿದ್ದು 1890ರದು ಚಿಂದಿಯಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ನಮ್ಮ ಹಾಸನದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ದಿನವಿಡೀ ಒಂದು ಕಾಲರೋ ಒಂದು ತೋಳೋ ಮಾತ್ರ ಕೈಗೆ ಬರುತ್ತದೆ. ಇಡೀ ಉಡುಪು ಹೇಗೆ ನಿಲ್ಲುತ್ತದೆಂದು ನೋಡುವ ಅವಕಾಶವೇ ಇಲ್ಲ. ಹೊಲಿಗೆ ತರಬೇತಿ ಕೇಂದ್ರಗಳಲ್ಲೂ ಅಳತೆ ಮತ್ತು ಕಟಿಂಗ್ ಹೇಳಿಕೊಟ್ಟು ಮುಗಿಸುತ್ತಾರೆ. ಹಳೆಯ ಉಡುಪೊಂದನ್ನು, ಅಜ್ಜಿಯ ಕಾಲದ ಅಸ್ತರಿನ ರವಿಕೆಯಾದರೂ ಸರಿ, ಮಗುಚಿ ಒಳಹೊಲಿಗೆಯನ್ನು ತೋರಿಸುವ ಪಾಠವೊಂದನ್ನು ಸೇರಿಸಬೇಕೆಂದು ಜಿಲ್ಲೆಯ ತರಬೇತಿ ಕೇಂದ್ರಗಳವರನ್ನು ಈ ಪತ್ರದ ಮೂಲಕ ಕೋರುತ್ತೇನೆ. ತಾವೂ ಇನ್ನು ಮುಂದೆ ಇಂಥ ಲೇಖನ ಪ್ರಕಟಿಸುವಾಗ ಉಡುಪಿನ ಮುಂಭಾಗದ ನಾಲ್ಕು ಚಿತ್ರಗಳ ಬದಲು ಮೂರನ್ನು ಹಾಕಿ, ನಾಲ್ಕನೆಯ ಜಾಗವನ್ನು ಒಳಬದಿಯ ಚಿತ್ರಕ್ಕೆ ಕೊಡಬೇಕಾಗಿ ವಿನಂತಿ.

ಇತಿ,
ನಿವೃತ್ತ ಹೊಲಿಗೆ ಶಿಕ್ಷಕಿ, ಹಾಸನ