ಅಂಡಮಾನ್ ಪ್ಯಾಕೇಜ್ ಬಗ್ಗೆ ದೂರು: ದುಡ್ಡು ವಾಪಸ್ ಕೊಡಿ, ಜಾರವಾ ಬುಡಕಟ್ಟು ಜನರ ಹೆಸರಿನಲ್ಲಿ ಟಿಕೆಟ್ ಮಾರಬೇಡಿ

ಇವರಿಗೆ,
ವ್ಯವಸ್ಥಾಪಕರು, ಪ್ರವಾಸ ವಿಭಾಗ

ವಿಷಯ: ಫ್ಯಾಮಿಲಿ ಪ್ಯಾಕೇಜಿನಲ್ಲಿ ಆದ ಸೇವೆಯ ಕೊರತೆ ಮತ್ತು ರೀಫಂಡ್

ನಮಸ್ಕಾರ.

ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು ಮತ್ತು ನಮ್ಮ ಮಾವ ನಿಮ್ಮ ಮೂಲಕ ಅಂಡಮಾನಿಗೆ ಹೋಗಿ ಬಂದೆವು. ಬಂದ ಮೇಲೆ ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಒಂದೇ ಉತ್ತರ: "ಮೇಡಂ, ಡೈವಿಂಗ್ ನೀವೇ ಬೇಡ ಅಂದಿದ್ದೀರಿ, ಗ್ರಾಹಕರು ರದ್ದು ಮಾಡಿದ್ದಕ್ಕೆ ದುಡ್ಡು ವಾಪಸ್ ಬರಲ್ಲ." ನಾವು ಬೇಡ ಅನ್ನಲಿಲ್ಲ. ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಪ್ಯಾಕೇಜ್ ತಯಾರಿಸಿದವರೇ ಕೂತು ಓದಲಿ.

ಸ್ಕೂಬಾ ಡೈವಿಂಗನ್ನು ನೀವು ಹಾಕಿದ್ದು ಹ್ಯಾವ್‌ಲಾಕಿನಲ್ಲಿ, ಕೊನೆಯ ದಿನ ಬೆಳಗ್ಗೆ. ಅದಾದ ಮೇಲೆ ಫೆರ್ರಿ ಹಿಡಿದು ಪೋರ್ಟ್ ಬ್ಲೇರ್, ಅದೇ ಮಧ್ಯಾಹ್ನ ವಿಮಾನ. ಡೈವ್ ಸೆಂಟರಿನಲ್ಲಿ ವೆಟ್‌ಸೂಟ್ ಹಾಕಿಕೊಳ್ಳುವ ಮುಂಚೆ ಒಂದು ಫಾರ್ಮ್ ತುಂಬಿಸಿದರು. ಅಸ್ತಮಾ ಇದೆಯಾ, ಕಿವಿ ನೋವಿದೆಯಾ, ಹೃದಯದ ತೊಂದರೆ ಇದೆಯಾ ಅಂತೆಲ್ಲ. ಫಾರ್ಮ್ ನೋಡುತ್ತಾ ಆ ಇನ್‌ಸ್ಟ್ರಕ್ಟರ್ ತಲೆ ಎತ್ತಿ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಫ್ಲೈಟ್ ಯಾವಾಗ?" ಇವತ್ತೇ ಮಧ್ಯಾಹ್ನ ಅಂದ ತಕ್ಷಣ ಪೆನ್ ಕೆಳಗಿಟ್ಟು, ಯಾರನ್ನೂ ನೀರಿಗೆ ಇಳಿಸುವುದಿಲ್ಲ ಅಂದರು.

ಕಾರಣವನ್ನೂ ಸಮಾಧಾನವಾಗಿ ಹೇಳಿದರು. ನೀರಿನ ಆಳದಲ್ಲಿ ಒತ್ತಡ ಜಾಸ್ತಿ, ಅಲ್ಲಿ ಸಿಲಿಂಡರಿನ ಗಾಳಿ ಉಸಿರಾಡಿದಾಗ ಹೆಚ್ಚಿನ ಸಾರಜನಕ ಮೈಯೊಳಗೆ ಕರಗುತ್ತದೆ, ಅದು ನಿಧಾನವಾಗಿ ಹೊರಗೆ ಹೋಗಬೇಕು. ವಿಮಾನದೊಳಗೆ ಒತ್ತಡ ಕಮ್ಮಿ, ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇದ್ದ ಹಾಗೆ. ಬೇಗ ವಿಮಾನ ಹತ್ತಿದರೆ ಆ ಸಾರಜನಕ ಗುಳ್ಳೆಗಳಾಗಿ ಕೀಲು ನೋವು ಬರಬಹುದು, ಕೈಕಾಲು ಮರಗಟ್ಟಬಹುದು, ಜೀವಕ್ಕೇ ಅಪಾಯ ಆಗಬಹುದು. ಒಂದೇ ಒಂದು ಡೈವ್ ಮಾಡಿದರೂ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ಬಿಡಬೇಕು ಅನ್ನುವುದು ಡೈವಿಂಗ್ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಡೈವಿಂಗ್ ಮಾರುವ ನಿಮಗೆ ಗೊತ್ತಿರಬೇಕಿತ್ತು ಅಲ್ವಾ? ಅವರು ಕೇಳದೇ ಇದ್ದಿದ್ದರೆ ನಾವು ಖುಷಿಯಾಗಿ ಮುಳುಗಿ ಎದ್ದು ಮಕ್ಕಳ ಜೊತೆ ವಿಮಾನ ಹತ್ತುತ್ತಿದ್ದೆವು. ಆ ಯೋಚನೆ ಬಂದಾಗೆಲ್ಲ ಈಗಲೂ ಎದೆ ಝಲ್ ಅನ್ನುತ್ತದೆ.

ಇನ್ನೊಂದು ವಿಷಯ. ನಮ್ಮ ಮಗನಿಗೆ 8 ವರ್ಷ. ಬುಕಿಂಗ್ ಮಾಡುವಾಗ ಹುಟ್ಟಿದ ದಿನಾಂಕ ತೆಗೆದುಕೊಂಡಿರಿ, ಆಧಾರ್ ಪ್ರತಿಯನ್ನೂ ಕೇಳಿ ಇಟ್ಟುಕೊಂಡಿರಿ. ಸಮುದ್ರದಲ್ಲಿ ಸ್ಕೂಬಾ ಮಾಡಲು 10 ವರ್ಷ ತುಂಬಿರಬೇಕು ಅಂತ ಆ ಸೆಂಟರಿನ ಗೋಡೆ ಮೇಲೇ ಬರೆದಿತ್ತು. ಅವನ ಹೆಸರಿಗೂ ಡೈವಿಂಗ್ ದುಡ್ಡು ಹಾಕಿದ್ದು ಯಾಕೆ?

ಹೋಟೆಲಿನ ಬಗ್ಗೆ ಹೇಳುವುದು ಏನೂ ಇಲ್ಲ, ರೂಮು ಚೆನ್ನಾಗಿತ್ತು. ರಾಧಾನಗರ ಬೀಚಂತೂ ನೋಡಿದಷ್ಟೂ ಸಾಲದು, ಮಾವ ಪ್ಯಾಂಟ್ ಮಡಚಿಕೊಂಡು ಅಲೆಯಲ್ಲಿ ನಿಂತವರು ಕತ್ತಲಾದರೂ ಬರಲಿಲ್ಲ.

ರಾತ್ರಿ ಕಯಾಕಿಂಗ್ ವಿಷಯಕ್ಕೆ ಬರುತ್ತೇನೆ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಹೊಳೆಯುತ್ತದೆ ಅಂತ ನಿಮ್ಮ ವಿಡಿಯೊ ತೋರಿಸಿ ಅದಕ್ಕೆ ಬೇರೆಯಾಗಿ ದುಡ್ಡು ತೆಗೆದುಕೊಂಡಿರಿ. ಆ ಬೆಳಕು ಕೊಡುವುದು ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಅದನ್ನು ನೋಡಬೇಕಾದರೆ ಕತ್ತಲು ಬೇಕು, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಒಳ್ಳೆಯದು. ನೀವು ನಮ್ಮನ್ನು ಕಳಿಸಿದ್ದು ಹುಣ್ಣಿಮೆ ದಿನ! ಮ್ಯಾಂಗ್ರೋವ್ ಪೂರ್ತಿ ಬೆಳದಿಂಗಳು, ಹೊಳಪು ಗೊತ್ತಾಗಲೇ ಇಲ್ಲ. "ಪ್ರಕೃತಿ ನಮ್ಮ ಕೈಲಿಲ್ಲ ಮೇಡಂ" ಅಂದರು ನಿಮ್ಮವರು. ಹುಣ್ಣಿಮೆ ಯಾವತ್ತು ಅಂತ ಗೋಡೆ ಕ್ಯಾಲೆಂಡರಿನಲ್ಲೇ ಇರುತ್ತದೆ. ಮೋಡ, ಮಳೆ ಆಗಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಬೇಜಾರಾದ ವಿಷಯ, ಇದಕ್ಕೂ ರೀಫಂಡಿಗೂ ಸಂಬಂಧವೇ ಇಲ್ಲ. ಬಾರಾಟಾಂಗ್ ದ್ವೀಪಕ್ಕೆ ಹೋಗುವ ದಿನದ ಪಟ್ಟಿಯಲ್ಲಿ ಸುಣ್ಣದ ಕಲ್ಲಿನ ಗುಹೆ, ಮಡ್ ವಾಲ್ಕೆನೊ ಜೊತೆಗೆ ‘ಬುಡಕಟ್ಟು ಸಂಸ್ಕೃತಿ ದರ್ಶನ’ ಅಂತ ಹಾಕಿದ್ದೀರಿ. ಯಾವುದೋ ಹಳ್ಳಿಗೋ ಮ್ಯೂಸಿಯಂಗೋ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆವು. ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿ ಬೆಂಗಾವಲಿನಲ್ಲಿ ಕಾಡಿನೊಳಗೆ ಹೋಗುವಾಗ ಗೊತ್ತಾಯಿತು. ನೀವು ಗೊತ್ತು ಮಾಡಿದ್ದ ಡ್ರೈವರ್ ಗಾಡಿ ನಿಧಾನ ಮಾಡಿ, ಮಕ್ಕಳ ಕಡೆ ತಿರುಗಿ, ಎಡಗಡೆ ನೋಡ್ತಾ ಇರಿ, ಅದೃಷ್ಟ ಇದ್ದರೆ ಜಾರವಾಗಳು ಕಾಣ್ತಾರೆ ಅಂತ ಹಿಂದಿಯಲ್ಲಿ ಹೇಳಿದ. ಡ್ಯಾಶ್‌ಬೋರ್ಡ್ ಮೇಲೆ ಬಿಸ್ಕತ್ ಪೊಟ್ಟಣಗಳೂ ಇದ್ದವು. ನಮ್ಮೆಜಮಾನರು ಗದರಿ ಗಾಡಿ ಮುಂದಕ್ಕೆ ಬಿಡಿಸಿದರು.

ಆ ರಸ್ತೆ ಹೋಗುವುದು ಜಾರವಾ ಜನರ ಮೀಸಲು ಕಾಡಿನ ನಡುವೆ. ಗಾಡಿ ನಿಲ್ಲಿಸಬಾರದು, ಫೋಟೊ ತೆಗೆಯಬಾರದು, ತಿನ್ನಲು ಏನೂ ಕೊಡಬಾರದು ಅಂತ ಚೆಕ್‌ಪೋಸ್ಟಿನಲ್ಲೇ ಹೇಳುತ್ತಾರೆ. ಅವರ ರಕ್ಷಣೆಗೆ ಅಂತಲೇ 1956ರಿಂದ ಕಾನೂನು ಇದೆ, 2012ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ, ತಪ್ಪಿದರೆ ಜೈಲು. ಹೊರಗಿನವರಿಂದ ಹರಡುವ ದಡಾರದಂಥ ರೋಗ ಅವರಿಗೆ ಎಷ್ಟು ಅಪಾಯ ಅಂತಲೂ ಯೋಚಿಸಿ. ಅವರ ಮನೆ ಮುಂದಿನ ದಾರಿಯಲ್ಲಿ ಹಾಯುವುದಕ್ಕೆ ನಮಗೆ ಅವಕಾಶ ಇದೆ ಅಷ್ಟೇ, ಇಣುಕಿ ನೋಡುವುದಕ್ಕಲ್ಲ. ಬದುಕಿರುವ ಜನರನ್ನು ನೋಡುವ ಸ್ಥಳಗಳ ಪಟ್ಟಿಗೆ ಸೇರಿಸಿ ಮಾರಿದ್ದೀರಿ. ನನ್ನ ಮಕ್ಕಳಿಗೆ ಸಂಸ್ಕೃತಿ ಅಂದರೆ ಇದು ಅಂತ ಕಲಿಸುವುದು ನನಗೆ ಬೇಡ.

ನಿಜವಾಗಿ ತೋರಿಸಬೇಕಾದ್ದನ್ನು ತೋರಿಸಲಿಲ್ಲ. ಸೆಲ್ಯುಲರ್ ಜೈಲಿಗೆ ಮುಚ್ಚುವ ಹೊತ್ತಿಗೆ ತಲುಪಿಸಿದಿರಿ, ಯಾಕೆಂದರೆ ದಾರಿಯಲ್ಲಿ ಮುತ್ತಿನ ಅಂಗಡಿಯಲ್ಲಿ ಸುಮ್ನೆ ಕೂರಿಸಿದ್ದರು. ಅಲ್ಲಿನ ಅಮೃತಶಿಲೆ ಫಲಕಗಳಲ್ಲಿ ಕೆತ್ತಿರುವ ಕೈದಿಗಳ ಹೆಸರು ಓದಬೇಕು ಅಂತ ಮಾವ ಊರಿನಿಂದಲೇ ಹೇಳುತ್ತಿದ್ದರು. ಕನ್ನಡಕ ಒರೆಸಿಕೊಂಡು ಒಂದು ಫಲಕ ಮುಗಿಸುವಷ್ಟರಲ್ಲಿ ವಿಷಲ್ ಊದಿದರು. ಪೋರ್ಟ್ ಬ್ಲೇರಿನ ಮಾನವಶಾಸ್ತ್ರ ಮ್ಯೂಸಿಯಂ ನಿಮ್ಮ ಪಟ್ಟಿಯಲ್ಲೇ ಇಲ್ಲ. ದ್ವೀಪದ ಬುಡಕಟ್ಟು ಜನರ ದೋಣಿ, ಬುಟ್ಟಿ, ಬಿಲ್ಲು ಎಲ್ಲ ಅಲ್ಲಿದೆ, ಯಾರಿಗೂ ತೊಂದರೆ ಕೊಡದೆ ನೋಡಬಹುದು.

ನಾನು ಕೇಳುವುದು ಇಷ್ಟು. ಎಲ್ಲರ ಡೈವಿಂಗ್ ಮತ್ತು ಕಯಾಕಿಂಗ್ ದುಡ್ಡು ಪೂರ್ತಿ ವಾಪಸ್ ಕೊಡಿ. ನಿಮ್ಮ ದಾಖಲೆಯಲ್ಲಿ ‘ಗ್ರಾಹಕರು ರದ್ದು ಮಾಡಿದರು’ ಅಂತ ಇರುವುದನ್ನು ತಿದ್ದಿ. ವಿಮಾನದ ದಿನ ಡೈವಿಂಗ್ ಹಾಕಿರುವ ಬೇರೆ ಬುಕಿಂಗ್‌ಗಳಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ದಿನ ಬದಲಿಸಿ, ಇದಕ್ಕೆ ನನ್ನ ಪತ್ರದ ವಿಚಾರಣೆ ಮುಗಿಯಲಿ ಅಂತ ಕಾಯಬೇಡಿ. ‘ಬುಡಕಟ್ಟು ಸಂಸ್ಕೃತಿ ದರ್ಶನ’ ಅನ್ನುವುದನ್ನು ಬ್ರೋಷರಿನಿಂದ ತೆಗೆದು, ತೆಗೆದ ಪ್ರತಿ ಕಳಿಸಿ.

15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯ ಆಯೋಗದಲ್ಲೇ ಕೇಸು ಹಾಕಬಹುದು, ಅದನ್ನೂ ಮಾಡುತ್ತೇನೆ. ನಿಮ್ಮ ವೇಳಾಪಟ್ಟಿ, ವಿಮಾನದ ಟಿಕೆಟ್, ಡೈವ್ ಸೆಂಟರಿನವರು ಬರೆದುಕೊಟ್ಟ ಚೀಟಿ, ನಿಮ್ಮವರ ವಾಟ್ಸಾಪ್ ಮೆಸೇಜುಗಳ ಪ್ರತಿ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ